ಸರಪಳಿ ಬಿಚ್ಚಿದ ಮೇಲೆ

ನಾಯಿಗೆ ಒಂದು ದಿನವೂ ಏಟು ಕೊಡದ ನಮ್ಮ ಮನೆಯಲ್ಲಿ ಪ್ರಾಣಿಹಿಂಸೆ ನಡೆಯುತ್ತಿತ್ತು ಎಂಬುದನ್ನು ನಾನು ಬಹಳ ತಡವಾಗಿ ಅರಿತುಕೊಂಡೆ. ಕಾವಲಿಗೆಂದು ಸಾಕಿದ ರಾಜನನ್ನು ಹಗಲಿರುಳು ಕಬ್ಬಿಣದ ಸರಪಳಿಯಲ್ಲಿ ಕಟ್ಟಿರುತ್ತಿದ್ದೆವು. ಒಮ್ಮೆ ಅವನ ಕುತ್ತಿಗೆಯ ಕೂದಲನ್ನು ಸರಿಸಿ ನೋಡಿದಾಗ, ಪಟ್ಟಿ ಉಜ್ಜಿ ಉಜ್ಜಿ ಕೆಳಗಿನ ಚರ್ಮ ಕಿತ್ತುಹೋಗಿ, ಕೀವು ಒಸರುತ್ತಿತ್ತು. ಪಶುವೈದ್ಯರು ಗಾಯ ತೊಳೆಯುತ್ತಾ, "ದಿನಕ್ಕೆ ಎಷ್ಟು ಹೊತ್ತು ಬಿಚ್ಚಿ ಬಿಡುತ್ತೀರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯನ್ನು ಹುಡುಕಿ ಓದಿದೆ. ಪ್ರಾಣಿಯನ್ನು ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬರೂ ಅದರ ಕ್ಷೇಮಕ್ಕೆ ಬೇಕಾದ ಎಲ್ಲ ಸಮಂಜಸ ಕ್ರಮಗಳನ್ನು ಕೈಗೊಳ್ಳಬೇಕೆಂದು ಅದರ 3ನೇ ಕಲಂ ವಿಧಿಸುತ್ತದೆ. ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದನ್ನು ಮಾತ್ರವಲ್ಲ, ತೀರಾ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದನ್ನು, ಸದಾ ಕಟ್ಟಿರುವ ನಾಯಿಗೆ ಅದರ ಮಾಲೀಕರು ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು ಸಹ 11ನೇ ಕಲಂ ಕ್ರೌರ್ಯವೆಂದೇ ಎಣಿಸುತ್ತದೆ. ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟು ಅಲ್ಪ ದಂಡ ಯಾರನ್ನೂ ಎಚ್ಚರಿಸಲಾರದು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ವ್ಯಾಯಾಮದ ಆ ಒಂದು ಸಾಲು ನನ್ನ ಮನೆಯನ್ನು ನೋಡಿಯೇ ಬರೆದಂತಿತ್ತು.

ಮೊದಲು ಕುತ್ತಿಗೆಯ ಪಟ್ಟಿಯನ್ನು ತೆಗೆದುಹಾಕಿ, ಗಾಯ ಮಾಗಿದ ಮೇಲೆ ಎದೆಗೆ ಹಾಕುವ ಅಗಲವಾದ ಬಟ್ಟೆಯ ಪಟ್ಟಿಯನ್ನು ತಂದೆವು. ಅಂಗಳದ ಬೇಲಿಯ ಕಂಡಿಗಳನ್ನು ಮುಚ್ಚಲು ಎರಡು ದಿನ ಹಿಡಿಯಿತು. ಈ ಕೆಲಸವನ್ನು ಮುಂದೂಡುತ್ತಾ ಬಂದದ್ದರಿಂದಲೇ ಅವನು ಅಷ್ಟು ಕಾಲ ಕಟ್ಟಿಸಿಕೊಂಡಿರಬೇಕಾಯಿತು. ನಡಿಗೆಯನ್ನು ಹತ್ತು ನಿಮಿಷದಿಂದ ಆರಂಭಿಸಿದೆ, ಏಕೆಂದರೆ ಅವನ ಹಿಂಗಾಲುಗಳು ಸೊರಗಿದ್ದವು, ಸವೆಯದ ಉಗುರುಗಳು ಒಳಕ್ಕೆ ಬಾಗಿದ್ದವು. ಉಗುರು ಕತ್ತರಿಸುವುದನ್ನು ವೈದ್ಯರಿಂದಲೇ ಕಲಿತೆ. ಬಿಸಿಲು ತಿರುಗಿದಂತೆ ನೆರಳೂ ಸರಿಯುತ್ತದೆ ಎಂಬುದನ್ನು ಅದುವರೆಗೆ ಗಮನಿಸಿರಲಿಲ್ಲವಾದ್ದರಿಂದ, ನೀರಿನ ಪಾತ್ರೆಗಳನ್ನು ಎರಡು ಕಡೆ ಇಟ್ಟೆ.

ಬಂದವರನ್ನು ಕಂಡು ಸರಪಳಿ ಜಗ್ಗಿ ಬೊಗಳುತ್ತಿದ್ದ ರಾಜ, ಹಿಂದೆ ಸರಿಯಲು ಜಾಗ ಸಿಕ್ಕಿದ ಮೇಲೆ ದೂರ ನಿಂತು ನೋಡತೊಡಗಿದ. ಆದರೆ ಗೂಟದ ಸುತ್ತ ಹುಲ್ಲು ಹುಟ್ಟದೆ ಗಟ್ಟಿಯಾಗಿದ್ದ ಮಣ್ಣಿನ ವೃತ್ತವೊಂದಿತ್ತು. ಬಿಚ್ಚಿ ಬಿಟ್ಟ ಮೊದಲ ವಾರವೆಲ್ಲ ಅವನು ಅದರ ಅಂಚಿನವರೆಗೆ ಓಡಿ, ಸರಪಳಿ ಜಗ್ಗಿದಂತೆ ತಟ್ಟನೆ ನಿಂತುಬಿಡುತ್ತಿದ್ದ. ನಾನು ವೃತ್ತದ ಆಚೆ ಕುಳಿತು ಹೆಸರು ಹಿಡಿದು ಕರೆಯುತ್ತಿದ್ದೆ. ಒಂಬತ್ತನೆಯ ದಿನ ಅವನು ದಾಟಿ ಬಂದ.