ಪೆಲೆಟ್ ಯಾವುದು ಅಂತ ಬ್ಯಾರೆಲ್ ಹತ್ತಿರವೇ ಕೇಳಿ

ಏರ್ ರೈಫಲ್ ಹೊಸದಾಗಿ ಹಿಡಿದವರು ನನ್ನ ಹತ್ತಿರ ಮೊದಲು ಕೇಳುವುದು "ಯಾವ ಪೆಲೆಟ್ ಒಳ್ಳೇದು ಮಾರಾಯ್ರೆ?" ಅಂತ. ಪೆಲೆಟ್ ಅಂದರೆ ಗಾಳಿಯ ಒತ್ತಡದಿಂದ ಹಾರುವ ಸೀಸದ ಪುಟ್ಟ ಗುಂಡು. ನಿಮ್ಮ ಬ್ಯಾರೆಲ್, ಅಂದರೆ ರೈಫಲ್‌ನ ನಳಿಗೆಯ ಹತ್ತಿರವೇ ಕೇಳಿ ಅಂತೇನೆ. ತಮಾಷೆ ಅಲ್ಲ. ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ರೈಫಲ್ ಪಕ್ಕಪಕ್ಕ ಇಟ್ಟರೂ ಎರಡಕ್ಕೂ ಒಂದೇ ಪೆಲೆಟ್ ಹಿಡಿಸುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ನಮ್ಮ ಉಡುಪಿ ಕಡೆ ಕೋವಿ ಅಂದರೆ ತೋಟಕ್ಕೆ ಬರುವ ಹಂದಿ ನೆನಪಾಗುತ್ತದೆ. ಅಲ್ಲಿ ಒಂದು ಗೇಣು ಆಚೀಚೆ ಆದರೂ ನಡೆಯುತ್ತದೆ. ಇದು ಬೇರೆ ಲೋಕ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಆ 10 ಮೀಟರ್ ಏರ್ ರೈಫಲ್ ಸ್ಪರ್ಧೆ. ಟಾರ್ಗೆಟ್‌ನ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಪೆಲೆಟ್ ಮಾತ್ರ 4.5 ಮಿಲಿಮೀಟರ್ ದಪ್ಪ. ಈಗ ದಶಮಾಂಶದಲ್ಲಿ ಅಂಕ ಕೊಡುತ್ತಾರೆ, ಪೂರ್ತಿ ನಡುವಿಗೆ ಬಿದ್ದರೆ 10.9. ಅಲ್ಲಿಂದ ಕಾಲು ಮಿಲಿಮೀಟರ್ ಸರಿದಂತೆಲ್ಲ 0.1 ಹೋಗುತ್ತದೆ. ಇಂಥ 60 ಶಾಟ್ ಹೊಡೆಯಬೇಕು. ಪೆಲೆಟ್ಟೇ ಒಂದು ಮಿಲಿಮೀಟರ್ ಅಲೆದಾಡಿದರೆ ನೀವು ಎಷ್ಟು ಉಸಿರು ಹಿಡಿದು ಎಂತ ಪ್ರಯೋಜನ?

ಡಬ್ಬಿಯಲ್ಲಿ ನಾನು ನೋಡುವುದು ಪೆಲೆಟ್‌ನ ತಲೆಯ ಅಳತೆ ಮತ್ತು ಲಾಟ್ ನಂಬರ್, ಅಂದರೆ ಯಾವ ಸಲ ಒಟ್ಟಿಗೆ ತಯಾರಾದದ್ದು ಅಂತ ಹೇಳುವ ನಂಬರ್. ತೂಕದ ಬಗ್ಗೆ ಜಾಸ್ತಿ ಯೋಚನೆ ಬೇಡ, ಆರ್‌ಡಬ್ಲ್ಯೂಎಸ್ ಕಂಪನಿಯ ಆರ್10 ಆಗಲಿ ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ಆಗಲಿ, ರೈಫಲ್‌ನದ್ದು 0.53 ಗ್ರಾಂ ಆಸುಪಾಸೇ ಇರುತ್ತದೆ. ತಲೆಯ ಅಳತೆ ಮಾತ್ರ 4.49, 4.50 ಮಿಲಿಮೀಟರ್ ಅಂತ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಸಿಗುತ್ತದೆ. ಪೆಲೆಟ್‌ಗೆ ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಸ್ಕರ್ಟ್. ತಲೆ ಬ್ಯಾರೆಲ್ ಒಳಗಿನ ಸುರುಳಿ ಗೀರುಗಳ ಮೇಲೆ ಕೂತು ಹೋಗುತ್ತದೆ, ಸ್ಕರ್ಟ್ ಗಾಳಿಯ ಒತ್ತಡಕ್ಕೆ ಅರಳಿ ಹಿಂದಿನಿಂದ ಗಾಳಿ ಸೋರದ ಹಾಗೆ ನೋಡಿಕೊಳ್ಳುತ್ತದೆ. ತಲೆ ಸಡಿಲವಾದರೆ ಒಳಗೇ ವಾಲುತ್ತದೆ, ಬಿಗಿಯಾದರೆ ಸೀಸ ಜಾಸ್ತಿ ಉಜ್ಜುತ್ತದೆ.

ನನ್ನ ಪರೀಕ್ಷೆ ದೊಡ್ಡ ವಿಜ್ಞಾನ ಏನಲ್ಲ. ನಮ್ಮ ಹಂಚಿನ ಮನೆಯ ಹಿಂದಿನ ಶೆಡ್‌ನಲ್ಲಿ ಟೇಪ್ ಹಿಡಿದು 10 ಮೀಟರ್ ಅಳೆದಿದ್ದೇನೆ, ಆ ತುದಿಯಲ್ಲಿ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗೋಡೆ. ರೈಫಲನ್ನು ಮೇಜಿನ ಮೇಲೆ ಕ್ಲ್ಯಾಂಪ್‌ಗೆ ಕಟ್ಟುತ್ತೇನೆ. ಹೆಗಲಿಗೆ ಇಟ್ಟು ಹೊಡೆದು ಪೆಲೆಟ್ ಅಳೆದರೆ ನಿಮ್ಮ ಕೈ ನಡುಗಿದ್ದನ್ನು ಅಳೆದ ಹಾಗೆ ಆಗುತ್ತದೆ. ಬೇರೆ ಪೆಲೆಟ್ ಹಾಕಿದ ತಕ್ಷಣ ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯದರ ಸೀಸ ಬ್ಯಾರೆಲ್‌ನಲ್ಲಿ ಇನ್ನೂ ಇರುತ್ತದೆ, ಮೊದಲು ಸ್ವಲ್ಪ ಹೊಡೆದು ಬಿಡಿ. ಆಮೇಲೆ ಒಂದೇ ಜಾಗಕ್ಕೆ ಹತ್ತು. ಹಿಡಿಸಿದ ಪೆಲೆಟ್ ಆದರೆ ಕಾಗದದಲ್ಲಿ ಒಂದೇ ತೂತು, ಪೆಲೆಟ್‌ಗಿಂತ ಸ್ವಲ್ಪವೇ ದೊಡ್ಡದು, ಅಂಚು ಪಂಚ್ ಹೊಡೆದ ಹಾಗೆ ನೀಟು. ಹಿಡಿಸದಿದ್ದರೆ ತೂತು ಒಂದು ಕಡೆಗೆ ಎಳೆದುಕೊಳ್ಳುತ್ತದೆ, ಅಥವಾ ಒಂಬತ್ತು ಸರಿಯಾಗಿ ಬಿದ್ದು ಒಂದು ಮಾತ್ರ ಹೊರಗೆ ಹೋಗುತ್ತದೆ. ಆ ಒಂದನ್ನು "ಬಿಡು, ಅದು ಲೆಕ್ಕಕ್ಕಿಲ್ಲ" ಅನ್ನುವವರು ಉಂಟು. ನಾನು ಬಿಡುವುದಿಲ್ಲ. ಮ್ಯಾಚ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ ಅಲ್ವಾ? ಅದಕ್ಕೇ ಹತ್ತು ಶಾಟ್‌ನ ಒಂದೇ ಗುಂಪು ನೋಡಿ ತೀರ್ಮಾನ ಮಾಡದೆ ಬೇರೆ ದಿನ ಮತ್ತೆ ಹೊಡೆದು ನೋಡುತ್ತೇನೆ.

ನನ್ನ ರೈಫಲ್‌ಗೆ ಕೊನೆಗೆ ಹಿಡಿಸಿದ್ದು 4.49. ಬ್ಯಾರೆಲ್‌ಗೆ ಒತ್ತುವಾಗ ಹೆಬ್ಬೆರಳಿಗೆ ಹಿತವಾಗಿ, ಸ್ವಲ್ಪ ಬಿಗಿಯಾಗಿ ಕೂರುತ್ತಿದ್ದದ್ದು 4.50, ಆದರೆ ಕಾಗದ ಬೇರೆಯೇ ಹೇಳಿತು. ಚಿನ್ನ ತೂಗುವ ಪುಟ್ಟ ತಕ್ಕಡಿ ಹಿಡಿದು ಒಂದೊಂದೇ ಪೆಲೆಟ್ ತೂಗುವವರೂ ಇದ್ದಾರೆ. ಮ್ಯಾಚ್ ದರ್ಜೆಯ ಪೆಲೆಟ್‌ನಲ್ಲಿ, ಅದೂ 10 ಮೀಟರ್‌ಗೆ, ನನಗೆ ಅದರಿಂದ ಲಾಭ ಕಾಣಲಿಲ್ಲ. ಅದಕ್ಕಿಂತ ಸ್ಕರ್ಟ್ ನೋಡಿ. ದೀಪದ ಕೆಳಗೆ ತಿರುಗಿಸಿದರೆ ಉಗುರು ತಾಗಿದಷ್ಟು ನೆಗ್ಗಿದ್ದೂ ಕಾಣುತ್ತದೆ, ಅಂಥದ್ದನ್ನು ಅಭ್ಯಾಸಕ್ಕೂ ಇಟ್ಟುಕೊಳ್ಳಬೇಡಿ.

ಕರಾವಳಿಯವರಿಗೆ ಇನ್ನೊಂದು ತಲೆನೋವು ಮಳೆಗಾಲ. ಆಟಿ ತಿಂಗಳಲ್ಲಿ ತೆರೆದಿಟ್ಟ ಡಬ್ಬಿಯ ಪೆಲೆಟ್ ಮೇಲೆ ಬಿಳಿ ಪುಡಿ ಕೂರುತ್ತದೆ. ಸೀಸ ತೇವಕ್ಕೆ ಹಾಗೆ ಆಗುವುದು. ಆ ಪುಡಿ ಮೂಗಿಗೆ, ಬಾಯಿಗೆ ಹೋಗಬಾರದು, ಬ್ಯಾರೆಲ್‌ಗೂ ಒಳ್ಳೆಯದಲ್ಲ. ನಾನು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಅಡುಗೆಮನೆಯಿಂದ ದೂರ. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಹಾ ಮುಟ್ಟುವುದಿಲ್ಲ.

ಹಿಡಿಸಿದ ಲಾಟ್ ಸಿಕ್ಕಿದರೆ ದುಡ್ಡಿದ್ದಷ್ಟು ಡಬ್ಬಿ ಒಟ್ಟಿಗೇ ತೆಗೆದುಕೊಳ್ಳಿ. ಮುಂದಿನ ಸಲ ಅದೇ ಹೆಸರು, ಅದೇ 4.49 ಅಂತ ಬರೆದ ಡಬ್ಬಿ ಬಂದರೂ ಲಾಟ್ ಬೇರೆಯಾದರೆ ನಾನು ಮತ್ತೆ ಕ್ಲ್ಯಾಂಪ್ ಕಟ್ಟುತ್ತೇನೆ.