ಭೀಮಾ ದಂಡೆಯ ಕಲ್ಲಿಗೆ ಹೊಳಪು ಕೊಟ್ಟದ್ದು: ನನ್ನ ಟಂಬ್ಲರ್ ಅನುಭವ

ಕಲ್ಲು ಪಾಲಿಶ್ ಮಾಡುವ ಟಂಬ್ಲರ್ (ಕಲ್ಲು, ಉಜ್ಜುವ ಪುಡಿ, ನೀರು ತುಂಬಿ ವಾರಗಟ್ಟಲೆ ತಿರುಗಿಸುವ ಬ್ಯಾರೆಲ್ ಯಂತ್ರ) ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು, "ಯಾವ ಕಂಪನಿಯದು ತಗೊಳ್ಳಲಿ?" ಎಂದು. ನಾನು ತಿರುಗಿ ಕೇಳುವುದು, "ನಿಮ್ಮ ಹತ್ತಿರ ಎಂಥ ಕಲ್ಲುಗಳಿವೆ?" ಎಂದು. ಕಲ್ಲು ಯಾವುದೆಂದು ಗೊತ್ತಾದರೆ ಯಂತ್ರದ ಆಯ್ಕೆ ಅರ್ಧ ಮುಗಿದಂತೆ.

ನನ್ನವು ಭೀಮಾ ನದಿಯ ಕಲ್ಲುಗಳು. ಭೀಮೆ ಕರ್ನಾಟಕಕ್ಕೆ ಬರುವ ಮೊದಲು ಮಹಾರಾಷ್ಟ್ರದಲ್ಲಿ ಕಪ್ಪು ಬಸಾಲ್ಟ್ ಮೇಲೆಯೇ ಹರಿದು ಬರುತ್ತಾಳೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆರಿ ಗಟ್ಟಿಯಾದಾಗ ಅದರೊಳಗೆ ಗುಳ್ಳೆಗಳು ಉಳಿದವು. ಆ ಟೊಳ್ಳುಗಳಲ್ಲಿ ಇಳಿದ ನೀರು ಸಿಲಿಕಾವನ್ನು ಪದರಪದರವಾಗಿ ಕೂಡಿಸುತ್ತ ಹೋಯಿತು. ಅದೇ ಅಗೇಟ್, ಕ್ಯಾಲ್ಸೆಡನಿ. ಸುತ್ತಲಿನ ಬಸಾಲ್ಟ್ ಕೊಳೆತು ಎರೆಮಣ್ಣಾದರೂ ಇವು ಜಗ್ಗದೆ ಉಳಿದು ನದಿಗೆ ಬೀಳುತ್ತವೆ. ಬೇಸಿಗೆಯಲ್ಲಿ ಇಂಡಿ, ಅಫಜಲಪುರದ ಕಡೆ ನೀರಿಳಿದಾಗ ಜಲ್ಲಿಯ ನಡುವೆ ಕಣ್ಣಿಗೆ ಬೀಳುವುದು ಇವೇ. ಒಮ್ಮೆ ಕುರಿ ಕಾಯುವ ಹುಡುಗನೊಬ್ಬ ಬಂದು, "ಏನ್ ಹುಡಕಲತ್ತೀರಿ ಸರ?" ಎಂದು ಕೇಳಿದ. ತೋರಿಸಿದೆ. ಒಂದು ಕಲ್ಲೆತ್ತಿ ಸೂರ್ಯನಿಗೆ ಅಡ್ಡ ಹಿಡಿದು, "ಇದರಾಗ ಬೆಳಕ ಹಾಯ್ತದ ನೋಡ್ರಿ, ಇದರಾಗ ಹಾಯಂಗಿಲ್ಲ" ಎಂದು ತಾನೇ ಎರಡು ಗುಂಪು ಮಾಡಿಕೊಟ್ಟ. ನಾನು ಇಂದಿಗೂ ದಂಡೆಯ ಮೇಲೆ ಮಾಡುವ ಮೊದಲ ಪರೀಕ್ಷೆ ಅದೇ: ಬೆಳಕು ಹಾಯುವುದು ಸಾಮಾನ್ಯವಾಗಿ ಅಗೇಟ್, ಕ್ಯಾಲ್ಸೆಡನಿ.

ಎರಡನೆಯದು ಚಾಕುವಿನ ಪರೀಕ್ಷೆ. ಸ್ಟೀಲ್ ಚಾಕುವಿನಿಂದ ಗೀರಿದಾಗ ಕಲ್ಲಿನ ಮೇಲೆ ಗೀರು ಬಿದ್ದರೆ ಅದನ್ನು ಅಲ್ಲಿಯೇ ಬಿಡುತ್ತೇನೆ. ಅಗೇಟ್, ಬೆಳಕು ಹಾಯದ ಜಾಸ್ಪರ್, ಬೆಣಚುಕಲ್ಲು, ಇವು ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ 7ರ ಆಸುಪಾಸು. ಸುಣ್ಣದಕಲ್ಲು 3. ಇವೆರಡನ್ನೂ ಒಂದೇ ಬ್ಯಾರೆಲ್ಲಿಗೆ ಹಾಕಿದರೆ ಅಗೇಟಿಗೆ ಏನೂ ಆಗಿರುವುದಿಲ್ಲ, ಸುಣ್ಣದಕಲ್ಲು ರಾಡಿಯಾಗಿ ಕರಗಿ ಹೋಗಿರುತ್ತದೆ. ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ; ನದಿಯೇ ನುಣುಪು ಮಾಡಿದ ಅದರ ಹರಳುಗಳು ನೋಡಲು ಚೆಂದ, ಆದರೆ ಟಂಬ್ಲರಿಗೆ ಸಲ್ಲ. ಗ್ರಾನೈಟೂ ಬೇಡ. ಅದರಲ್ಲಿ ಬೆಣಚು 7, ಫೆಲ್ಡ್‌ಸ್ಪಾರ್ 6, ಅಭ್ರಕ ಅದಕ್ಕಿಂತ ಎಷ್ಟೋ ಮೆದು. ಮೆದುವಾದದ್ದು ಬೇಗ ಸವೆದು ಮೈಯೆಲ್ಲ ಗುಳಿ ಬೀಳುತ್ತದೆ.

ಇನ್ನೊಂದು ಎಚ್ಚರ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಈ ಪ್ರದೇಶ ಶಿಲಾಯುಗದ ನೆಲ. ಹುಣಸಗಿಯ ಕಣಿವೆಯ ಕೈಗೊಡಲಿಗಳು ಹೆಸರಾದವು, ಮಸ್ಕಿಯ ಉತ್ಖನನದಲ್ಲಿ ಅಗೇಟ್ ಮತ್ತು ಕಾರ್ನೀಲಿಯನ್ (ಕೆಂಪು ಕ್ಯಾಲ್ಸೆಡನಿ) ಮಣಿಗಳು ಸಿಕ್ಕಿವೆ, ಕ್ಯಾಲ್ಸೆಡನಿಯ ಸಣ್ಣ ಅಲಗುಗಳೂ ಸಿಕ್ಕಿವೆ. ಹಾಗಾಗಿ ಒಂದು ಬದಿಯಲ್ಲಿ ಸಾಲಾಗಿ ಚಕ್ಕೆ ಎಬ್ಬಿಸಿದ ಗುರುತಿದ್ದು ಅಂಚು ಹರಿತವಾಗಿದ್ದರೆ ಅದು ಯಾರೋ ಮಾಡಿದ ಉಪಕರಣವಾಗಿರಬಹುದು. ಅದನ್ನು ಎತ್ತದೆ ಇದ್ದಲ್ಲೇ ಬಿಡಬೇಕು. ಟಂಬ್ಲರಿನ ಮೊದಲ ವಾರದಲ್ಲೇ ಅದರ ಚರಿತ್ರೆ ಅಳಿಸಿ ಹೋಗುತ್ತದೆ.

ಇನ್ನು ಯಂತ್ರ. ಅಮೆರಿಕದ ಹವ್ಯಾಸಿಗಳು ಬಳಸುವ ಲಾರ್ಟೋನ್, ಥಮ್ಲರ್ಸ್ ಯಂತ್ರಗಳ ರಬ್ಬರ್ ಬ್ಯಾರೆಲ್ ಬಹಳ ಒಳ್ಳೆಯದು. ರಬ್ಬರು ಸದ್ದನ್ನೂ ಪೆಟ್ಟನ್ನೂ ನುಂಗುತ್ತದೆ. ಮಕ್ಕಳಿಗೆಂದು ಮಾರುವ ಗಟ್ಟಿ ಪ್ಲಾಸ್ಟಿಕ್ ಬ್ಯಾರೆಲ್ಲಿನ ಯಂತ್ರಗಳನ್ನು ಮಲಗುವ ಮನೆಯಲ್ಲಿ ರಾತ್ರಿಯಿಡೀ ಓಡಿಸಲಾಗದು. ಆದರೆ ಅಲ್ಲಿಂದ ಮೋಟರ್ ಸಮೇತ ತರಿಸುವವರು ಒಂದು ವಿಷಯ ನೋಡಿಕೊಳ್ಳಬೇಕು. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಹರ್ಟ್ಸ್ ತಗ್ಗಿದಂತೆ ಮೋಟರಿನ ವೇಗವೂ ಆರನೇ ಒಂದು ಪಾಲು ತಗ್ಗುತ್ತದೆ, ಬಿಸಿಯೂ ಹೆಚ್ಚು. ವಾರಗಟ್ಟಲೆ ನಿಲ್ಲದೆ ಓಡಬೇಕಾದ ಮೋಟರಿಗೆ ಇದು ಸಣ್ಣ ಮಾತಲ್ಲ.

ನಾನು ಬ್ಯಾರೆಲ್ಲನ್ನು ಮಾತ್ರ ತರಿಸಿ, ಸ್ಟ್ಯಾಂಡನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಎರಡು 20 ಮಿ.ಮೀ. ರಾಡು, ಅವಕ್ಕೆ ಬಿಗಿಯಾಗಿ ತೊಡಿಸಿದ ರಬ್ಬರ್ ಹೋಸು, ನಾಲ್ಕು ಯುಸಿಪಿ 204 ಬೇರಿಂಗು, 230 ವೋಲ್ಟಿನ ಒಂದು ಗೇರ್ಡ್ ಮೋಟರ್. ಕೆಡುವುದು ಏನಿದ್ದರೂ ಊರಲ್ಲೇ ಸಿಗುತ್ತದೆ. ಮೋಟರು 40 ವಾಟಿನದು; ಹಗಲೂ ರಾತ್ರಿ ಓಡಿದರೂ ದಿನಕ್ಕೆ ಒಂದು ಯೂನಿಟ್ ದಾಟುವುದಿಲ್ಲ.

ವೇಗದ ಲೆಕ್ಕ ಮಾತ್ರ ಮೊದಲೇ ಮಾಡಿಕೊಳ್ಳಬೇಕು. ವಾಷಿಂಗ್ ಮಷಿನ್ನು ಹಿಂಡುವಾಗ ಬಟ್ಟೆ ಡ್ರಮ್ಮಿನ ಗೋಡೆಗೆ ಅಂಟಿಕೊಳ್ಳುವಂತೆ, ಬ್ಯಾರೆಲ್ ವಿಪರೀತ ವೇಗದಲ್ಲಿ ತಿರುಗಿದರೆ ಕಲ್ಲುಗಳು ಗೋಡೆಗೆ ಕೂತುಬಿಡುತ್ತವೆ, ಉಜ್ಜಾಟವೇ ಆಗುವುದಿಲ್ಲ. ಆ ಮಿತಿಯನ್ನು ತಿಳಿಯಲು 42.3ನ್ನು ಬ್ಯಾರೆಲ್ಲಿನ ಒಳವ್ಯಾಸದ ವರ್ಗಮೂಲದಿಂದ ಭಾಗಿಸಬೇಕು, ವ್ಯಾಸ ಮೀಟರಿನಲ್ಲಿರಬೇಕು. ನನ್ನ ಬ್ಯಾರೆಲ್ಲಿನ ಒಳವ್ಯಾಸ 12 ಸೆಂ.ಮೀ., ಅಂದರೆ ಮಿತಿ ನಿಮಿಷಕ್ಕೆ ಸುಮಾರು 122 ಸುತ್ತು. ಕಲ್ಲುಗಳು ಅರ್ಧ ಎತ್ತರಕ್ಕೆ ಏರಿ ಜಾರಿ ಇಳಿಯಬೇಕು, ಮೇಲಿಂದ ಬಿದ್ದು ಚೂರಾಗಬಾರದು. ಅದಕ್ಕೆ 50 ಸುತ್ತು ಸರಿಹೋಗುತ್ತದೆ. ರೋಲರಿನ, ಅಂದರೆ ಹೋಸು ತೊಡಿಸಿದ ರಾಡಿನ ವ್ಯಾಸ 3.5 ಸೆಂ.ಮೀ., ಬ್ಯಾರೆಲ್ಲಿನ ಹೊರವ್ಯಾಸ ಅದರ ನಾಲ್ಕು ಪಟ್ಟು, 14 ಸೆಂ.ಮೀ.; ಹಾಗಾಗಿ 200 ಸುತ್ತಿನ ಗೇರ್ಡ್ ಮೋಟರ್ ಕೇಳಿ ತಂದೆ.

ತುಂಬುವ ಕ್ರಮ ಹೀಗೆ. ಬ್ಯಾರೆಲ್ಲಿನ ಮೂರನೇ ಎರಡು ಪಾಲಿನಿಂದ ಮುಕ್ಕಾಲರವರೆಗೆ ಕಲ್ಲು, ದಪ್ಪ ಸಣ್ಣ ಎರಡೂ ಬೆರೆತಿರಬೇಕು. ಕಡಿಮೆ ಬಿದ್ದರೆ ಸೆರಾಮಿಕ್ ತುಂಡು ಸೇರಿಸುತ್ತೇನೆ. ನೀರು ಮೇಲಿನ ಸಾಲಿನ ಕಲ್ಲಿನ ಬುಡ ಮುಟ್ಟಿದರೆ ಸಾಕು. ಕಿಲೋ ಕಲ್ಲಿಗೆ ಮೂರು ನಾಲ್ಕು ಟೇಬಲ್ ಚಮಚ ಸಿಲಿಕಾನ್ ಕಾರ್ಬೈಡ್ ಪುಡಿ. ಅಂಗಡಿಯಲ್ಲಿ ಕಾರ್ಬೊರಂಡಮ್ ಎಂದು ಕೇಳಿ. ಪುಡಿಯ ಅಂಕಿ ಹೆಚ್ಚಿದಷ್ಟು ಕಾಳು ಸಣ್ಣದು: ಮೊದಲು 60/90, ಆಮೇಲೆ 120/220, ಆಮೇಲೆ 500, ಕೊನೆಗೆ ಪಾಲಿಶ್. ಹಂತಕ್ಕೆ ಸುಮಾರು ವಾರ.

ಆದರೆ ಮೊದಲ ಹಂತಕ್ಕೆ ವಾರದ ಲೆಕ್ಕ ಹಾಕಲೇಬೇಡಿ. ಕಲ್ಲಿನ ಹೊಳಪು ನಿರ್ಧಾರವಾಗುವುದು ಈ ಒರಟು ಪುಡಿಯಲ್ಲೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಉಳಿದ ಒಂದು ಗುಳಿ, ಒಂದು ಬಿರುಕು ಮುಂದಿನ ಯಾವ ಹಂತದಲ್ಲೂ ಹೋಗುವುದಿಲ್ಲ. ಪಾಲಿಶ್ ಪುಡಿ ಅದರೊಳಗೆ ಬಿಳಿಯಾಗಿ ಕೂತು ಇನ್ನಷ್ಟು ಎದ್ದು ಕಾಣುತ್ತದೆ. ಏಳೆಂಟು ದಿನಕ್ಕೆ ಪುಡಿ ಸವೆದು ಸತ್ತಿರುತ್ತದೆ. ರಾಡಿಯನ್ನು ಬೆರಳುಗಳ ನಡುವೆ ತಿಕ್ಕಿದಾಗ ಕಾಳು ತಾಗದಿದ್ದರೆ ತೆಗೆದು ಹೊಸದು ಹಾಕುತ್ತೇನೆ. ಕಲ್ಲುಗಳನ್ನು ತೊಳೆದು, ಬಟ್ಟೆಯ ಮೇಲೆ ಹರವಿ, ಪೂರ್ತಿ ಒಣಗಿದ ಮೇಲೆಯೇ ನೋಡುತ್ತೇನೆ, ಏಕೆಂದರೆ ಒದ್ದೆ ಕಲ್ಲು ಎಲ್ಲ ದೋಷವನ್ನೂ ಮುಚ್ಚಿಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು, ಹೆಬ್ಬೆರಳಿನ ಉಗುರನ್ನು ಮೈಮೇಲೆ ಎಳೆಯುತ್ತೇನೆ. ಉಗುರು ಸಿಕ್ಕಿಕೊಂಡರೆ ಮತ್ತೆ ಒರಟು ಪುಡಿಗೆ. ಕೆಲವು ಅಗೇಟುಗಳು ಹೀಗೆ ನಾಲ್ಕೈದು ಸಲ ಮರಳಿ ಹೋಗುತ್ತವೆ, ಗಾತ್ರದಲ್ಲಿ ಮೂರನೇ ಒಂದು ಪಾಲು ಕಳೆದುಕೊಳ್ಳುತ್ತವೆ. ಕಳೆದುಕೊಳ್ಳಲಿ. ಮುಂದಿನ ಹಂತಕ್ಕೆ ಸಿದ್ಧವಾದವನ್ನು ಡಬ್ಬಿಯಲ್ಲಿ ಕೂಡಿಡುತ್ತೇನೆ. ಬ್ಯಾರೆಲ್ ತುಂಬುವಷ್ಟಾದಾಗ ಒಟ್ಟಿಗೆ ಹಾಕಿದರಾಯಿತು.

ಹಂತದಿಂದ ಹಂತಕ್ಕೆ ಹೋಗುವಾಗ ತೊಳೆಯುವುದರಲ್ಲಿ ಚೂರೂ ರಿಯಾಯಿತಿ ಇಲ್ಲ. ಒರಟು ಪುಡಿಯ ಒಂದೇ ಕಾಳು ಪಾಲಿಶ್ ಹಂತಕ್ಕೆ ಬಂದರೆ ಇಡೀ ಬ್ಯಾರೆಲ್ಲಿನ ಕಲ್ಲುಗಳ ಮೇಲೆ ಗೀರು. ಮುಚ್ಚಳದ ಅಂಚಿನ ಸಂದಿಯಲ್ಲಿ ಅದು ಅಡಗಿರುತ್ತದೆ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಬೇಕು. ಪಾಲಿಶ್ ಮುಂಚೆ ಸೋಪಿನ ತುರಿ ಹಾಕಿ ಒಂದೆರಡು ಗಂಟೆ ತಿರುಗಿಸಿದರೆ ಇನ್ನೂ ಒಳ್ಳೆಯದು. ಕಲ್ಲುಗಳ ನಡುವೆ ತುಂಬಲು ಪ್ಲಾಸ್ಟಿಕ್ ಮಣಿಗಳನ್ನು ಬಳಸುವುದಾದರೆ ಪ್ರತಿ ಹಂತದವನ್ನು ಪ್ರತ್ಯೇಕ ಇಟ್ಟುಕೊಳ್ಳಿ, ಪುಡಿ ಅವುಗಳಲ್ಲಿ ನಾಟಿಕೊಳ್ಳುತ್ತದೆ. ಪಾಲಿಶಿಗೆ ನನಗೆ ಸೀರಿಯಂ ಆಕ್ಸೈಡ್ ಒಗ್ಗಿದೆ, ಗಾಜು ಪಾಲಿಶ್ ಮಾಡುವವರ ಅಂಗಡಿಯಲ್ಲಿ ಸಿಗುತ್ತದೆ. ಅಲ್ಯುಮಿನಿಯಂ ಆಕ್ಸೈಡೂ ನಡೆಯುತ್ತದೆ, ಅಗ್ಗ ಕೂಡ.

ಕರೆಂಟು ಹೋದರೆ ಗಾಬರಿ ಬೇಡ. ಬಂದಾಗ ತಾನೇ ಮುಂದುವರಿಯುತ್ತದೆ. ದಿನವಿಡೀ ನಿಂತರೆ ಮಾತ್ರ ಬ್ಯಾರೆಲ್ಲನ್ನು ಕೈಯಿಂದ ಕುಲುಕಿ, ಅಡಿಗೆ ಕೂತ ರಾಡಿ ಬಿಡಿಸಿ ಶುರು ಮಾಡುತ್ತೇನೆ.

ಗುಜರಾತಿನ ಖಂಭಾತದಲ್ಲಿ ಹಿಂದೆ ಇದೇ ಕೆಲಸವನ್ನು ಚರ್ಮದ ಚೀಲದಲ್ಲಿ ಮಾಡುತ್ತಿದ್ದರು. ಅಗೇಟ್ ಮಣಿ, ಕುರುಂದದ ಪುಡಿ, ನೀರು ತುಂಬಿ ಹೊಲಿದ ಚೀಲವನ್ನು ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಆಚೀಚೆ ಉರುಳಿಸುತ್ತಿದ್ದರು. ಅಲ್ಲಿ ಅಗೇಟನ್ನು ಒಣದಾಗಿ ಸಾಣೆ ಹಿಡಿದ ಕೆಲಸಗಾರರಲ್ಲಿ ಎಷ್ಟೋ ಜನ ಸಿಲಿಕೋಸಿಸ್‌ಗೆ, ಅಂದರೆ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ತುತ್ತಾಗಿದ್ದಾರೆ. ಟಂಬ್ಲರಿನಲ್ಲಿ ಎಲ್ಲವೂ ನೀರಿನೊಳಗೆ ನಡೆಯುವುದರಿಂದ ಆ ಅಪಾಯ ದೂರ, ಆದರೆ ರಾಡಿ ಒಣಗಿದರೆ ಅದೂ ಅದೇ ದೂಳು. ಅದನ್ನು ಒಣಗಿಸಿ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸಿಂಕಿಗೆ, ಬಚ್ಚಲಿಗೆ ಸುರಿಯಲೂ ಬೇಡಿ. ಪೈಪಿನೊಳಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ರಾತ್ರಿ ತಂಗಲು ಬಿಟ್ಟು, ಮೇಲಿನ ತಿಳಿನೀರನ್ನು ಅಂಗಳದ ಮಣ್ಣಿಗೆ ಚೆಲ್ಲಿ, ತಳದ ಕೆಸರನ್ನು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ.