ಖಣದ ಬಿಲ್ಲಿಗೊಂದು ಬಟನ್: ಇವೆಂಟ್ ಲಿಸನರ್ ಜೋಡಿಸುವ ಬಗೆ

ಗುಳೇದಗುಡ್ಡದ ಖಣದ ಅಂಗಡಿಯೊಂದಕ್ಕೆ ಬಿಲ್ ಮಾಡುವ ಚಿಕ್ಕ ವೆಬ್ ಪುಟವನ್ನು ನೀವೇ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಖಣಗಳ ಸಂಖ್ಯೆಗೆ ಒಂದು ಚೌಕ, ದರಕ್ಕೆ ಇನ್ನೊಂದು, ‘ಲೆಕ್ಕ ಮಾಡು’ ಎಂಬ ಬಟನ್, ಅದರ ಕೆಳಗೆ ಮೊತ್ತ ಕಾಣಿಸುವ ಜಾಗ ಇದ್ದರೆ ಸಾಕು. ಆದರೆ ಬಟನ್ ಇಟ್ಟ ಮಾತ್ರಕ್ಕೆ ಲೆಕ್ಕವಾಗುವುದಿಲ್ಲ. ಅದನ್ನು ಒತ್ತಿದಾಗ ಏನು ನಡೆಯಬೇಕೆಂಬುದನ್ನು ಬ್ರೌಸರ್‌ಗೆ ಮೊದಲೇ ಹೇಳಿಟ್ಟಿರಬೇಕು. ಹಾಗೆ ಹೇಳಿಟ್ಟ ಫಂಕ್ಷನ್ನೇ, ಅಂದರೆ ಹೆಸರಿಟ್ಟು ಕರೆಯಬಹುದಾದ ಕೋಡಿನ ತುಣುಕೇ, ಇವೆಂಟ್ ಲಿಸನರ್; ಒತ್ತುವಿಕೆಯಂಥ ಘಟನೆಯೇ ಇವೆಂಟ್. ಗಿರಾಕಿ ಬಂದರೇ ಎಂದು ಗಳಿಗೆಗೊಮ್ಮೆ ಬಾಗಿಲಿಗೆ ಹೋಗಿ ಇಣುಕುವ ಬದಲು, ‘ಬಂದರೆ ನನ್ನನ್ನು ಕೂಗು’ ಎಂದು ಕಟ್ಟೆಯ ಮೇಲೆ ಕುಳಿತ ಹುಡುಗನಿಗೆ ಹೇಳಿ, ಒಳಗೆ ಖಣ ಮಡಚುತ್ತ ಕೂರುವ ಅಂಗಡಿಕಾರನ ಉಪಾಯವೇ ಇದು.

ಮೊದಲು ಬಟನ್‌ಗೆ ಒಂದು ಐಡಿ (ಗುರುತಿನ ಹೆಸರು) ಕೊಟ್ಟು, ‘ಗೆಟ್‌ಎಲಿಮೆಂಟ್‌ಬೈಐಡಿ’ ಮೂಲಕ ಅದನ್ನು ಬ್ರೌಸರ್‌ನಲ್ಲಿ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿದುಕೊಳ್ಳಿ. ಸ್ಕ್ರಿಪ್ಟ್ ಪುಟದ ತಲೆಭಾಗದಲ್ಲಿದ್ದರೆ ಅದು ಓಡುವ ಹೊತ್ತಿಗೆ ಬಟನ್ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಸಿಗುವುದು ‘ಏನೂ ಇಲ್ಲ’ ಎಂಬರ್ಥದ ‘ನಲ್’ ಮಾತ್ರ. ಆದಕಾರಣ ಸ್ಕ್ರಿಪ್ಟನ್ನು ಪುಟದ ಒಡಲಾದ ‘ಬಾಡಿ’ಯ ಕೊನೆಯಲ್ಲಿಡಿ.

ಬಳಿಕ ‘ಲೆಕ್ಕಮಾಡು’ ಎಂಬ ಫಂಕ್ಷನ್ ಬರೆದು, ಸಂಖ್ಯೆಯನ್ನೂ ದರವನ್ನೂ ಗುಣಿಸಿ ಮೊತ್ತ ತೋರಿಸಿ. ಚೌಕದಿಂದ ಬರುವ ಮೌಲ್ಯ ಅಂಕಿಯಂತೆ ಕಂಡರೂ ಅದು ಪಠ್ಯವೇ. ಗುಣಾಕಾರದಲ್ಲಿ ಇದು ತಾನಾಗಿ ಸಂಖ್ಯೆಯಾಗುತ್ತದೆ, ಕೂಡುವಾಗ ಆಗುವುದಿಲ್ಲ: 3 ಮತ್ತು 2 ಕೂಡಿದರೆ 32 ಬರುತ್ತದೆ. ‘ನಂಬರ್’ ಬಳಸಿ ಮೊದಲೇ ಪರಿವರ್ತಿಸುವುದು ಲೇಸು.

ಇನ್ನು ಜೋಡಣೆ. ಬಟನ್‌ನ ‘ಆ್ಯಡ್‌ಇವೆಂಟ್‌ಲಿಸನರ್’ಗೆ ‘ಕ್ಲಿಕ್’ ಎಂಬ ಹೆಸರನ್ನೂ ‘ಲೆಕ್ಕಮಾಡು’ ಫಂಕ್ಷನ್ನನ್ನೂ ಕೊಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಫಂಕ್ಷನ್ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿದರೆ, ನೀವು ಕೆಲಸವನ್ನು ಒಪ್ಪಿಸಿದಂತಾಗದೆ ಆಗಲೇ ಮಾಡಿ ಮುಗಿಸಿದಂತಾಗುತ್ತದೆ. ಪುಟ ತೆರೆದೊಡನೆ ಲೆಕ್ಕ ಒಮ್ಮೆ ನಡೆದು, ಆಮೇಲೆ ಬಟನ್ ಎಷ್ಟು ಒತ್ತಿದರೂ ಅದು ಮಿಸುಕುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲವಾದ್ದರಿಂದ ತಪ್ಪು ಹುಡುಕುವುದರಲ್ಲಿ ಅರ್ಧ ದಿನ ಹೋಗಬಹುದು. ಹೆಸರನ್ನಷ್ಟೇ ಕೊಡಿ, ಕರೆಯುವುದು ಬ್ರೌಸರ್‌ನ ಕೆಲಸ.

ಪುಟದ ಭಾಗಗಳನ್ನು ಸ್ಕ್ರಿಪ್ಟ್‌ನ ಕೈಗೆ ಕೊಡುವ ಮಾದರಿಯೇ ಡಾಮ್; 2000ದ ಡಾಮ್ ಎರಡನೇ ಹಂತದ ಶಿಫಾರಸಿನಲ್ಲಿ ಬಂದ ಈ ವಿಧಾನದಲ್ಲಿ ಒಂದೇ ಬಟನ್‌ಗೆ ಹಲವು ಲಿಸನರ್‌ಗಳನ್ನು ಇಡಬಹುದು. ‘ಆನ್‌ಕ್ಲಿಕ್’ ಗುಣದಲ್ಲಾದರೆ ಹೊಸದು ಹಳೆಯದನ್ನು ಅಳಿಸುತ್ತದೆ. ಈ ಸೌಲಭ್ಯದಲ್ಲೂ ಒಂದು ಅಪಾಯವಿದೆ. ಹೆಸರುಳ್ಳ ಅದೇ ಫಂಕ್ಷನ್ನನ್ನು ಎರಡು ಸಲ ಜೋಡಿಸಿದರೆ ಬ್ರೌಸರ್ ಎರಡನೆಯದನ್ನು ಕಡೆಗಣಿಸುತ್ತದೆ, ಆದರೆ ಜೋಡಿಸುವ ಸಾಲಿನಲ್ಲೇ ಬರೆದ ಹೆಸರಿಲ್ಲದ ಫಂಕ್ಷನ್ ಪ್ರತಿ ಸಲವೂ ಹೊಸದೆನಿಸಿಕೊಂಡು, ಒಂದೇ ಒತ್ತಿಗೆ ಎರಡು ಸಲ ಓಡುತ್ತದೆ; ಅದು ಬಿಲ್ಲಿಗೆ ಸಾಲು ಸೇರಿಸುವಂಥದ್ದಾದರೆ ಎರಡು ಸಾಲು ಮೂಡುತ್ತವೆ. ಅಂಥದ್ದನ್ನು ‘ರಿಮೂವ್‌ಇವೆಂಟ್‌ಲಿಸನರ್’ನಿಂದ ತೆಗೆಯಲೂ ಆಗದು, ಏಕೆಂದರೆ ತೆಗೆಯಲು ಜೋಡಿಸಿದ ಫಂಕ್ಷನ್ನೇ ಬೇಕು.

ಬಿಲ್ಲಿನ ಸಾಲುಗಳು ಹೆಚ್ಚಿ, ಪ್ರತಿ ಸಾಲಿಗೂ ‘ತೆಗೆ’ ಬಟನ್ ಬಂದಾಗ ಒಂದೊಂದಕ್ಕೂ ಲಿಸನರ್ ಇಡುವ ಗೋಜು ಬೇಡ. ಕ್ಲಿಕ್ ಬಟನ್‌ನಿಂದ ಸಾಲಿಗೆ, ಸಾಲಿನಿಂದ ಕೋಷ್ಟಕಕ್ಕೆ ಮೇಲೇರುತ್ತದೆ. ಕೋಷ್ಟಕಕ್ಕೆ ಒಂದೇ ಲಿಸನರ್ ಇಟ್ಟು, ಒತ್ತಿದ್ದು ಯಾವುದೆಂದು, ಬ್ರೌಸರ್ ಫಂಕ್ಷನ್‌ಗೆ ಕೊಡುವ ‘ಇವೆಂಟ್’ನ ‘ಟಾರ್ಗೆಟ್’ ನೋಡಿ ತಿಳಿಯಿರಿ. ನಾಳೆ ಸೇರುವ ಸಾಲುಗಳೂ ಅದರಲ್ಲೇ ಒಳಗೊಳ್ಳುತ್ತವೆ.

ಅಂಗಡಿಯಲ್ಲಿ ಮೌಸ್ ಹಿಡಿಯುವುದಕ್ಕಿಂತ ಎಂಟರ್ ಒತ್ತುವ ರೂಢಿಯೇ ಹೆಚ್ಚಿದ್ದರೆ, ಚೌಕಗಳನ್ನೂ ಬಟನ್ನನ್ನೂ ಒಂದು ಫಾರ್ಮ್‌ನೊಳಗೆ ಸೇರಿಸಿ, ‘ಕ್ಲಿಕ್’ ಲಿಸನರ್ ತೆಗೆದು, ಎಂಟರ್ ಒತ್ತಿದರೂ ಬಟನ್ ಒತ್ತಿದರೂ ನಡೆಯುವ ಫಾರ್ಮ್‌ನ ‘ಸಬ್ಮಿಟ್’ ಇವೆಂಟ್‌ಗೆ ಲಿಸನರ್ ಇಡಿ. ಫಂಕ್ಷನ್‌ನ ಮೊದಲ ಸಾಲಿನಲ್ಲಿ, ಬ್ರೌಸರ್ ತಾನಾಗಿ ಫಾರ್ಮ್ ಕಳುಹಿಸುವುದನ್ನು ತಡೆಯುವ, ಇವೆಂಟ್‌ನ ‘ಪ್ರಿವೆಂಟ್‌ಡಿಫಾಲ್ಟ್’ ಕರೆಯುವುದನ್ನು ಮರೆತರೆ ಪುಟ ಮತ್ತೆ ಲೋಡ್ ಆಗಿ, ತುಂಬಿದ ಅಂಕಿಗಳೆಲ್ಲ ಅಳಿಸಿಹೋಗುತ್ತವೆ.